ಆರರಲ್ಲಿ ಒಂದು ಪಾಲು ಕೇಳಿದವರ ಮೇಲೆ ದಂಗೆ, ಮೂರರಲ್ಲಿ ಒಂದು ತೆಗೆದವನಿಗೆ ಹೊಗಳಿಕೆ: ಇದು ಹೇಗೆ?

ಹಳೇಕಡತ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಒಂದು ಒಗಟು ತಂದಿದ್ದೇನೆ, ಬಿಡಿಸಲು ಕೈಜೋಡಿಸಿ.

1565ರಲ್ಲಿ ವಿಜಯನಗರ ಸೋತ ಮೇಲೆ ಅದರ ಕೈಕೆಳಗಿದ್ದವರೆಲ್ಲ ಮೆಲ್ಲಗೆ ತಮ್ಮ ಪಾಡಿಗೆ ತಾವು ಆಳತೊಡಗಿದರು. ಹದಿನೇಳನೇ ಶತಮಾನದ ಹೊತ್ತಿಗೆ ಕನ್ನಡನಾಡಿನ ದಕ್ಷಿಣದಲ್ಲಿ ಎರಡು ಗಟ್ಟಿ ಸಂಸ್ಥಾನ ಉಳಿದವು. ಮಲೆನಾಡು ಮತ್ತು ಕರಾವಳಿಯಲ್ಲಿ ಕೆಳದಿ, ಕಾವೇರಿ ಬಯಲಲ್ಲಿ ಮೈಸೂರು.

ಕೆಳದಿಯ ಶಿವಪ್ಪನಾಯಕ (1645–1660) ಬೆಳೆಯಲ್ಲಿ ಮೂರನೇ ಒಂದು ಪಾಲನ್ನು ಕಂದಾಯ ಎಂದು ಗೊತ್ತು ಮಾಡಿದ. ಅದೇ 'ಶಿಸ್ತು'. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಶಾಸ್ತ್ರ ಹೇಳಿದ ಆರನೇ ಒಂದು ಪಾಲನ್ನು ಬಹಿರಂಗವಾಗಿ ದಾಟಲಿಲ್ಲ. ಲೆಕ್ಕದ ಪ್ರಕಾರ ಮೈಸೂರಿನ ರೈತ ಖುಷಿಯಾಗಿರಬೇಕಿತ್ತು, ಅಲ್ವಾ? ಆದರೆ ದಂಗೆ ಎದ್ದದ್ದು ಮೈಸೂರಿನಲ್ಲಿ. ಶಿವಪ್ಪನಾಯಕನ ಶಿಸ್ತನ್ನು ಮಾತ್ರ ನೂರೈವತ್ತು ವರ್ಷ ಆದಮೇಲೆ ಬಂದ ಇಂಗ್ಲಿಷ್ ಅಧಿಕಾರಿಗಳೂ ಮೆಚ್ಚಿ ಬರೆದಿದ್ದಾರೆ.

ಎರಡರಷ್ಟು ತೆಗೆದವನಿಗೆ ಒಳ್ಳೆ ಹೆಸರು ಯಾಕೆ?

ಪಟ್ಟಣದ_ಹುಡುಗ

ಸಾರ್, 'ಬಹಿರಂಗವಾಗಿ' ಅಂತ ನೀವೇ ಬರೆದಿರಲ್ಲ, ಉತ್ತರ ಅಲ್ಲೇ ಇದೆ. ನಾನು ಶ್ರೀರಂಗಪಟ್ಟಣದವನು, ಒಡೆಯರ ಬಗ್ಗೆ ಅಭಿಮಾನ ಇದ್ದೇ ಇದೆ. ಆದರೂ ಇದ್ದದ್ದು ಹೇಳಬೇಕು. ಭೂಮಿಯ ಮೇಲಿನ ಪಾಲು ಆರರಲ್ಲಿ ಒಂದೇ ಉಳಿಯಿತು. ಅದರ ಸುತ್ತ ಮನೆಗೆ, ಹುಲ್ಲಿಗೆ, ಮದುವೆಗೆ ಅಂತ ಸಣ್ಣಪುಟ್ಟ ತೆರಿಗೆಗಳು ಹುಟ್ಟಿಕೊಂಡವು. ಒಂದೊಂದೂ ನೋಡಲು ಚಿಕ್ಕದು. ಎಲ್ಲ ಸೇರಿಸಿದರೆ ಆರನೇ ಪಾಲು ಹೆಸರಿಗೆ ಮಾತ್ರ.

ಅಂದಿನ ಸ್ಥಿತಿಯನ್ನೂ ನೋಡಬೇಕು. ಉತ್ತರದಲ್ಲಿ ಮೊಘಲರು, ಅವರ ಜೊತೆಗೇ ಮರಾಠರು, ಕೆಳಗೆ ಮಧುರೆ ನಾಯಕರು. 1682ರಲ್ಲಿ ಮೈಸೂರಿನ ದಂಡು ತಿರುಚಿನಾಪಳ್ಳಿಯ ಮುಂದೆ ಬೀಡುಬಿಟ್ಟಿತ್ತು. 1687ರ ಹೊತ್ತಿಗೆ ಬೆಂಗಳೂರನ್ನು ಮೊಘಲ್ ಸರದಾರ ಖಾಸಿಂ ಖಾನನಿಂದ ಮೂರು ಲಕ್ಷ ರೂಪಾಯಿಗೆ ಕೊಂಡರು ಅಂತ ಹೇಳುತ್ತಾರೆ. ಇದಕ್ಕೆಲ್ಲ ಕೈಯಲ್ಲಿ ರೊಕ್ಕ ಬೇಕು. ಕಣಜದಲ್ಲಿ ರಾಗಿ ಇದ್ದರೆ ಸಾಲದು.

ಪರೀಕ್ಷಾರ್ಥಿ

ಚಿಕ್ಕದೇವರಾಜರ ಆಡಳಿತ ಅಂದರೆ ಅಠಾರ ಕಚೇರಿ, ಅಂದರೆ ಹದಿನೆಂಟು ಇಲಾಖೆ. ಚಿಕ್ಕದೇವರಾಜರು ಔರಂಗಜೇಬನ ಬಳಿಗೆ ರಾಯಭಾರಿ ಕಳಿಸಿ, ಅವರು ಬಂದು ಹೇಳಿದ ಮೇಲೆ ಮೊಘಲರನ್ನು ನೋಡಿ ಮಾಡಿದ್ದು. ನೋಟ್ಸಲ್ಲಿ ಹೀಗೇ ಇದೆ. ಇಷ್ಟು ಸಾಕಲ್ವಾ?

ಚಾವಡಿಕಟ್ಟೆ

ಪರೀಕ್ಷೆಗೆ ಸಾಕು ತಮ್ಮಾ, ಅಂಕ ಬರುತ್ತದೆ. ಚರ್ಚೆಗೆ ಸಾಲದು.

ಆ ಕಥೆಯ ಮೂಲ ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದವರು. ಅವರ ಇತಿಹಾಸದ ಮೊದಲ ಸಂಪುಟ ಅಚ್ಚಾದದ್ದು 1810ರಲ್ಲಿ. ಅಂದರೆ ಚಿಕ್ಕದೇವರಾಜರು ತೀರಿಕೊಂಡು ನೂರು ವರ್ಷ ದಾಟಿತ್ತು. ರಾಯಭಾರಿಗಳು ಹೋದದ್ದು 1699ರಲ್ಲಿ, ತಿರುಗಿ ಬಂದದ್ದು 1700ರಲ್ಲಿ ಎನ್ನುತ್ತಾರೆ ಅವರು. ಹಾಗಾದರೆ ಒಡೆಯರ ಆಳ್ವಿಕೆಯಲ್ಲಿ ಉಳಿದಿದ್ದದ್ದು ನಾಲ್ಕೇ ವರ್ಷ. ಅದಕ್ಕೆ ಮುಂಚಿನ ಇಪ್ಪತ್ತೇಳು ವರ್ಷ ಈ ರಾಜ್ಯ ಲೆಕ್ಕಪತ್ರ ಇಲ್ಲದೆ ಸುಮ್ನೆ ನಡೆಯಿತೇ? ಹದಿನೆಂಟು ಕಚೇರಿಗೆ ಆಗ ಒಂದು ಅಚ್ಚುಕಟ್ಟು ಬಂದಿರಬಹುದು. ಇಲಾಖೆಗಳೆಲ್ಲ ಒಂದೇ ಬೆಳಗ್ಗೆ ಹುಟ್ಟಿದವು ಅನ್ನುವುದನ್ನು ನಾನು ಒಪ್ಪಲ್ಲ.

ಇಲಾಖೆಗಳ ಕೆಲಸ ನೋಡಿ, ಗೊತ್ತಾಗುತ್ತದೆ. ಚಾವಡಿ ಅಂದರೆ ಕಚೇರಿ. ನಿರೂಪದ ಚಾವಡಿ: ಅಹವಾಲು ತಂದವರು ಮೊದಲು ಹೋಗಬೇಕಾದದ್ದು ಅಲ್ಲಿಗೆ. ಆಯಕಟ್ಟಿನ ಚಾವಡಿ: ಹುಟ್ಟುವಳಿಯ ಲೆಕ್ಕ. ಕಂದಾಚಾರ (ಸಿಪಾಯಿಗಳ ಇಲಾಖೆ) ಎರಡು. ಸೀಮೆಯಲ್ಲಿ ಇರುವ ಸಿಪಾಯಿಗಳಿಗೆ ಒಂದು, ಪಟ್ಟಣದ (ಶ್ರೀರಂಗಪಟ್ಟಣದ) ಬಾಗಿಲಲ್ಲಿ ಇರುವವರಿಗೆ ಒಂದು. ವಿಚಾರದ ಚಾವಡಿಯೂ ಎರಡು. ಕಾವೇರಿಯ ತೆಂಕಣ ಭಾಗ ಮೈಸೂರು ಹೋಬಳಿ, ಬಡಗಣ ಭಾಗ ಪಟ್ಟಣ ಹೋಬಳಿ. ಪಟ್ಟಣದ ಸುತ್ತ ಕಾಲುವೆ ನೀರು ಹರಿಯುವ ಅಷ್ಟಗ್ರಾಮಗಳಿಗೆ ಬೇರೆಯೇ ಚಾವಡಿ, ಅಲ್ಲೂ ನದಿಯ ಆಚೆಗೊಂದು ಈಚೆಗೊಂದು. ನದಿಯನ್ನು ನಡುವೆ ಇಟ್ಟುಕೊಂಡು ಹಂಚಿದ ಈ ಏರ್ಪಾಡನ್ನು ಮೊಘಲರ ಕಡೆಯಿಂದ ಯಾರೂ ತರಲು ಆಗಲ್ಲ. ಇದು ಇಲ್ಲೇ ಬೆಳೆದದ್ದು. ಮೊದಲು ದಕ್ಷಿಣ ದಂಡೆಯ ಪಾಳೆಯಪಟ್ಟು, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲೆ ಉತ್ತರ ದಂಡೆ. ರಾಜ್ಯ ಬೆಳೆದಂತೆ ಕಡತವೂ ಬೆಳೆದಿದೆ.

ನಂಜನಗೂಡು_ರಸಬಾಳೆ

ಬೆಣ್ಣೆಗೂ ಒಂದು ಇಲಾಖೆ ಇತ್ತಂತೆ, ಹೌದಾ? ನಮ್ಮ ಅಜ್ಜಿ ಕೇಳಿದ್ದರೆ ಅಲ್ಲೇ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದರು.

ಚಾವಡಿಕಟ್ಟೆ

ಹೌದು, ಬೆಣ್ಣೆ ಚಾವಡಿ. ಹೆಸರು ಕೇಳಿ ನಗು ಬರುತ್ತದೆ, ಆದರೆ ಹದಿನೆಂಟರಲ್ಲಿ ಮುಂದೆ ದೊಡ್ಡ ಕೆಲಸಕ್ಕೆ ಬಂದದ್ದು ಅದೇ. ಅರಸರ ದನಗಳ ಮಂದೆ ಅದರ ಕೈಯಲ್ಲಿತ್ತು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಒಂದು ಕೆಲಸ. ಮಂದೆಯಿಂದ ಬಂದ ಎತ್ತುಗಳು ದಂಡಿನ ಸಾಮಾನು ಎಳೆಯುತ್ತಿದ್ದವು. ಹೈದರ್ ಆ ಎತ್ತುಗಳನ್ನು ಚೆನ್ನಾಗಿ ದುಡಿಸಿಕೊಂಡ, ಟಿಪ್ಪು ಅದಕ್ಕೆ ಅಮೃತ್ ಮಹಲ್ ಅಂತ ಹೆಸರಿಟ್ಟ. ಇವತ್ತಿಗೂ ಆ ತಳಿ ಇದೆ, ಆ ಹೆಸರಿನ ಕಾವಲುಗಳೂ ಇವೆ.

ಇನ್ನೊಂದು ಹೊಗೆಸೊಪ್ಪಿನ ಚಾವಡಿ. ಹೊಗೆಸೊಪ್ಪು ಅಮೆರಿಕದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅಕ್ಬರನಿಗೇ ಅದು ಹೊಸದು. 1600ರ ಆಚೀಚೆ ಅಸದ್ ಬೇಗ್ ಅನ್ನುವವನು ಬಿಜಾಪುರದಿಂದ ಒಯ್ದು ತೋರಿಸಿದ. ನೂರು ವರ್ಷ ಕಳೆಯುವಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ ಅದಕ್ಕೇ ಒಂದು ಕಚೇರಿ. ಜನ ಯಾವ ಚಟ ಹಚ್ಚಿಕೊಂಡರೂ ಸರ್ಕಾರಕ್ಕೆ ಮೊದಲು ಗೊತ್ತಾಗುತ್ತದೆ.

ದೂರದೇಶಿ

ಇಲ್ಲಿ ಒಂದು ಮಾತು ಸೇರಿಸಬೇಕು. ನಾನು ಈಗ ಇರುವುದು ಫ್ರಾನ್ಸಿನಲ್ಲಿ. ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ 1674ರಲ್ಲಿ ಹೊಗೆಸೊಪ್ಪಿನ ಮಾರಾಟವನ್ನು ರಾಜನ ಏಕಸ್ವಾಮ್ಯ ಮಾಡಿದ. ಅಂದರೆ ಚಿಕ್ಕದೇವರಾಜರು ಪಟ್ಟಕ್ಕೆ ಬಂದ ಮರುವರ್ಷ. ಕಾರಣವೂ ಅದೇ, ಯುದ್ಧಕ್ಕೆ ದುಡ್ಡು ಬೇಕಿತ್ತು. ಜೊತೆಗೆ ಕೋರ್ಟು ಪತ್ರಗಳಿಗೆಲ್ಲ ಮುದ್ರೆ ಕಾಗದ ಕಡ್ಡಾಯ ಮಾಡಿದರು. 1675ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ದೊಡ್ಡ ದಂಗೆ. ಊರಿನವರು ಕಚೇರಿಗಳನ್ನು ಹಾಳುಗೆಡವಿದರು, ಹಳ್ಳಿಯವರು ಜಮೀನ್ದಾರರ ಮನೆಗಳಿಗೆ ನುಗ್ಗಿದರು. ರಾಜ ಸೈನ್ಯ ಕಳಿಸಿ ಹತ್ತಿಕ್ಕಿದ, ಎಷ್ಟೋ ಜನರನ್ನು ಗಲ್ಲಿಗೆ ಹಾಕಿದ.

ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ಮಾಡಿದ್ದಲ್ಲ. ತೋಪು, ಬಂದೂಕು, ಸಂಬಳದ ಸಿಪಾಯಿ ಬಂದಮೇಲೆ ಎಲ್ಲ ರಾಜರಿಗೂ ಒಂದೇ ತಾಪತ್ರಯ. ಭೂಮಿಯ ಹಳೇ ಪಾಲನ್ನು ಏರಿಸಿದರೆ ಜನ ಎದ್ದು ನಿಲ್ಲುತ್ತಾರೆ. ಅದಕ್ಕೆ ಸರಕಿನ ಮೇಲೆ, ಕಾಗದದ ಮೇಲೆ, ಚಟದ ಮೇಲೆ ಕಣ್ಣು ಹಾಕುತ್ತಾರೆ. ಜನ ಆಗಲೂ ಎದ್ದು ನಿಲ್ಲುತ್ತಾರೆ.

ಇಕ್ಕೇರಿಕಡೆಯವಳು

ಎಲ್ಲರೂ ಮೈಸೂರಿನ ಸುತ್ತಲೇ ಗಿರಕಿ ಹೊಡೆಯುತ್ತಿದ್ದೀರಿ. ಪ್ರಶ್ನೆಯ ಅರ್ಧ ನಮ್ಮ ಕೆಳದಿ ಕಡೆಯದು. ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಶಿವಪ್ಪನಾಯಕ ಮೂರರಲ್ಲಿ ಒಂದು ತೆಗೆದ ಅನ್ನುವುದಕ್ಕಿಂತ ಅದನ್ನು ಹೇಗೆ ಗೊತ್ತು ಮಾಡಿದ ಅನ್ನುವುದು ಮುಖ್ಯ. ಭೂಮಿಯನ್ನು ಐದು ತರ ಮಾಡಿದರು: ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ. ಹಳ್ಳಿಹಳ್ಳಿಯಲ್ಲಿ ಒಂದೊಂದು ತರದ ಒಂದೊಂದು ಗದ್ದೆಯನ್ನು ಸರ್ಕಾರವೇ ಕೆಲವು ವರ್ಷ ಸಾಗುವಳಿ ಮಾಡಿಸಿತು. ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು, ಪೇಟೆಯಲ್ಲಿ ಬೆಲೆ ಎಷ್ಟು, ಎಲ್ಲ ಬರೆದಿಟ್ಟರು. ಒಳ್ಳೇ ವರ್ಷ ಕೆಟ್ಟ ವರ್ಷ ಎಲ್ಲ ಸೇರಿಸಿ ಸರಾಸರಿ ತೆಗೆದು ಅದರ ಮೂರನೇ ಒಂದು ಭಾಗವನ್ನು ಹಣದ ಲೆಕ್ಕದಲ್ಲಿ ನಿಗದಿ ಮಾಡಿದರು. ಆಮೇಲೆ ಗದ್ದೆಯ ಯಜಮಾನನಿಗೆ ತನ್ನ ಬಾಕಿ ಎಷ್ಟು ಅಂತ ಬಿತ್ತುವ ಮೊದಲೇ ಗೊತ್ತು. ಕಷ್ಟಪಟ್ಟು ಗೊಬ್ಬರ ಹಾಕಿ ಎರಡು ಖಂಡುಗ ಜಾಸ್ತಿ ಬೆಳೆದರೆ ಆ ಎರಡು ಖಂಡುಗ ಅವನದೇ.

ಅಡಿಕೆ ತೋಟಕ್ಕೆ ಬೇರೆ ಲೆಕ್ಕ. ಅಳತೆಗೆ ಒಂದು ಕೋಲು. ಆ ಕೋಲಿನ ಉದ್ದ ಇಕ್ಕೇರಿ ಅಘೋರೇಶ್ವರ ದೇವಸ್ಥಾನದ ಕಲ್ಲು ಮೆಟ್ಟಿಲಿನ ಉದ್ದಕ್ಕೆ ಸರಿ, ಹದಿನೆಂಟೂವರೆ ಅಡಿ. ನನಗೆ ಇಡೀ ಶಿಸ್ತಿನಲ್ಲಿ ಬಹಳ ಇಷ್ಟವಾಗುವುದು ಇದೇ. ಅಳತೆಯನ್ನು ಕಚೇರಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಲಿಲ್ಲ. ದೇವರ ಎದುರು, ಬಿಸಿಲು ಮಳೆಯಲ್ಲಿ, ಯಾರು ಬೇಕಾದರೂ ಹೋಗಿ ನೋಡಬಹುದಾದ ಕಡೆ ಇಟ್ಟರು. ಶಾನುಭೋಗ ತಂದ ಕೋಲಿನ ಮೇಲೆ ಅನುಮಾನ ಬಂದರೆ ಇಕ್ಕೇರಿಗೆ ಹೊತ್ತುಕೊಂಡು ಹೋಗಿ ಕಲ್ಲಿಗೆ ಹಿಡಿದು ನೋಡಿದರಾಯಿತು.

ಲೆಕ್ಕದಮೇಷ್ಟ್ರು

ಅಕ್ಕ, ಆ ಕಲ್ಲಿನ ಬೆಲೆ ಎಷ್ಟು ಅಂತ ಲೆಕ್ಕ ಹಾಕಿಬಿಡೋಣ. ಕೋಲನ್ನು ಹದಿನೆಂಟೂವರೆ ಅಡಿಯಿಂದ ಹದಿನೆಂಟು ಅಡಿಗೆ ಇಳಿಸಿದರು ಅಂತ ಇಟ್ಟುಕೊಳ್ಳಿ. ಬರೀ ಅರ್ಧ ಅಡಿ, ಕಣ್ಣಿಗೆ ಕಾಣಲ್ಲ. ಆದರೆ ಕ್ಷೇತ್ರಫಲ ಉದ್ದವನ್ನೂ ಅಗಲವನ್ನೂ ಗುಣಿಸಿದ್ದು. ಅದೇ ತೋಟ ಪುಸ್ತಕದಲ್ಲಿ ನೂರಕ್ಕೆ ಐದೂವರೆ ಪಾಲಿಗಿಂತ ಜಾಸ್ತಿ ಬೆಳೆದುಬಿಡುತ್ತದೆ. ಒಂದು ಮರ ನೆಡದೆ, ಒಂದು ಆಜ್ಞೆ ಹೊರಡಿಸದೆ ಕಂದಾಯ ಏರಿಸಬಹುದು. ಈ ಕಳ್ಳತನಕ್ಕೆ ದಾರಿ ಮುಚ್ಚಿದ್ದು ಆ ಮೆಟ್ಟಿಲು.

ಲೆಕ್ಕ ಅಂದಕೂಡಲೇ ಇನ್ನೊಂದು. ಚಿಕ್ಕದೇವರಾಜರು ದಿನಾ ಎರಡು ಸಾವಿರ ವರಹ, ಅಂದರೆ ಎರಡು ಚೀಲ, ಖಜಾನೆಗೆ ಬಿದ್ದ ಮೇಲೆಯೇ ಊಟಕ್ಕೆ ಏಳುತ್ತಿದ್ದರು ಅನ್ನುವ ಕಥೆಯನ್ನೂ ವಿಲ್ಕ್ಸ್ ಹೇಳುತ್ತಾರೆ. ವರ್ಷಕ್ಕೆ 7 ಲಕ್ಷ 30 ಸಾವಿರ ವರಹ. 31 ವರ್ಷ ಒಂದು ಕಾಸೂ ಖರ್ಚು ಮಾಡದೆ ಕೂಡಿಟ್ಟರೂ ಎರಡೂಕಾಲು ಕೋಟಿಯ ಮೇಲೆ ಸ್ವಲ್ಪವಷ್ಟೇ. ಅವರಿಗೆ ಇದ್ದ ಬಿರುದು 'ನವಕೋಟಿ ನಾರಾಯಣ'. ವರಹದಲ್ಲಂತೂ ಒಂಬತ್ತು ಕೋಟಿ ಆಗುವ ಮಾತಲ್ಲ. ಕಂಠೀರಾಯಿ ಹಣದಲ್ಲಿ ಎಣಿಸಿದರೆ (ಹತ್ತು ಹಣಕ್ಕೆ ಒಂದು ವರಹ) 90 ಲಕ್ಷ ವರಹ, ಹನ್ನೆರಡು ವರ್ಷದ ಪೂರ್ತಿ ಹುಟ್ಟುವಳಿ. ಅಷ್ಟೊಂದು ಯುದ್ಧ ಮಾಡಿದವರ ಖಜಾನೆಯಲ್ಲಿ ಅದೂ ಜಾಸ್ತಿಯೇ. ಬಿರುದನ್ನು ಬಿರುದಾಗಿಯೇ ಇಟ್ಟುಕೊಳ್ಳೋಣ.

ಪಟ್ಟಣದ_ಹುಡುಗ

ಮೇಷ್ಟ್ರೇ, ಬಿರುದನ್ನೂ ಬಿಡಲಿಲ್ಲವಲ್ಲ ನೀವು! 😄

ಫಸಲುಗುಮಾಸ್ತ

ಇಕ್ಕೇರಿ ಅಕ್ಕನವರು ಬರೆದದ್ದು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಗ್ರಾಮ ಲೆಕ್ಕಿಗನಾಗಿ ನಿವೃತ್ತನಾದವನು. ಶಿವಪ್ಪನಾಯಕನ ಕಾಲದ ಈ ಕೆಲಸವನ್ನು ಹೋಲುವುದನ್ನು ನಾವು ಈಗಲೂ ಮಾಡುತ್ತೇವೆ. ಬೆಳೆ ಕಟಾವು ಪ್ರಯೋಗ ಅನ್ನುತ್ತಾರೆ. ಗದ್ದೆಯಲ್ಲಿ ಎಲ್ಲಿ ಗೂಟ ಹೊಡೆಯಬೇಕು ಅಂತ ನಮ್ಮ ಇಷ್ಟಕ್ಕೆ ಬಿಡುವುದಿಲ್ಲ, ಮೇಲಿನಿಂದ ಅಂಕಿ ಬರುತ್ತದೆ. ಅಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಗಲಕ್ಕೆ ನಡೆದು ಅಲ್ಲಿ ಗೂಟ. ಭತ್ತಕ್ಕೆ ಐದು ಮೀಟರಿಗೆ ಐದು ಮೀಟರ್ ಹಗ್ಗ ಕಟ್ಟಿ, ಒಳಗಿನದನ್ನು ಮಾತ್ರ ಕೊಯ್ದು, ಬಡಿದು, ತೂರಿ, ತೂಕ ಹಾಕಬೇಕು. ಹಗ್ಗದ ಮೇಲೆ ನಿಂತ ಪೈರು ಒಳಗೋ ಹೊರಗೋ ಅನ್ನುವುದೇ ಅರ್ಧ ಗಂಟೆ ಜಗಳ. ವಿಮೆ ಹಣ ಬರಬೇಕು ಅನ್ನುವವರು ಹೊರಗೆ ತಳ್ಳುತ್ತಾರೆ.

ಸರ್ಕಾರಕ್ಕೆ ಬೆಳೆ ಎಷ್ಟು ಅಂತ ತಿಳಿಯುವುದು ಸುಲಭ ಅಲ್ಲ ಸ್ವಾಮಿ. ಶಾನುಭೋಗನಿಗೆ ಗೊತ್ತು, ಪಟೇಲನಿಗೆ ಗೊತ್ತು, ರೈತನಿಗೆ ಗೊತ್ತು, ರಾಜನಿಗೆ ಮಾತ್ರ ಗೊತ್ತಿಲ್ಲ. ತಾನೇ ಗದ್ದೆ ಮಾಡಿಸಿ ನೋಡಿದ ಅನ್ನುವುದರಲ್ಲಿ ಶಿವಪ್ಪನಾಯಕನ ಬುದ್ಧಿವಂತಿಕೆ ಇದೆ. ಊರಿನವರ ಬಾಯಿಮಾತನ್ನು ನಂಬಲಿಲ್ಲ, ತನ್ನ ಅಧಿಕಾರಿಗಳ ಬಾಯಿಮಾತನ್ನೂ ನಂಬಲಿಲ್ಲ.

ಒಪ್ಪದವನು

ಎಲ್ಲರೂ ಸೇರಿ ಶಿವಪ್ಪನಾಯಕನಿಗೆ ಹಾರ ಹಾಕುವ ಮೊದಲು ಒಂದೆರಡು ಮಾತು.

ಒಂದು, ಶಿಸ್ತನ್ನು ಹೊಗಳಿದವರು ಯಾರು? ಕಂದಾಯ ವಸೂಲಿ ಮಾಡುವ ಕೆಲಸದವರು. ಅವರಿಗೆ ಪುಸ್ತಕ ಚೆನ್ನಾಗಿದ್ದರೆ ಆಳ್ವಿಕೆ ಚೆನ್ನಾಗಿತ್ತು. ಗದ್ದೆಯಲ್ಲಿ ಕೂಲಿ ಮಾಡಿದವನು, ಗೇಣಿಗೆ ಮಾಡಿದವನು ಏನು ಹೇಳಿದ ಅಂತ ಯಾರೂ ಬರೆದಿಲ್ಲ. 'ಜಾಸ್ತಿ ಬೆಳೆದದ್ದು ಅವನದೇ' ಅಂತ ಅಕ್ಕ ಬರೆದರು. ಅವನು ಅಂದರೆ ಯಾರು? ಪುಸ್ತಕದಲ್ಲಿ ಹೆಸರಿದ್ದವನು. ಕೆಸರಿನಲ್ಲಿ ಇದ್ದವನು ಬೇರೆ.

ಎರಡು, ಕೆಳದಿಗೆ ಸಮುದ್ರ ಇತ್ತು. ಬಸ್ರೂರು, ಹೊನ್ನಾವರ, ಮಂಗಳೂರಿನಿಂದ ಅಕ್ಕಿ, ಮೆಣಸು ಹೋಗುತ್ತಿತ್ತು. ಗೋವೆಯ ಪೋರ್ಚುಗೀಸರು ಊಟಕ್ಕೆ ಈ ಅಕ್ಕಿಯನ್ನೇ ನಂಬಿದ್ದರು. 1652ರಿಂದ 54ರ ಒಳಗೆ ಶಿವಪ್ಪನಾಯಕ ಅವರ ಕೋಟೆಗಳನ್ನೇ ಕಿತ್ತುಕೊಂಡ. ಬಂದರಿನ ವ್ಯಾಪಾರ ಕೈಯಲ್ಲಿದ್ದವನಿಗೆ ಕಂದಾಯವನ್ನು ಒಂದು ಕಡೆ ನಿಲ್ಲಿಸುವುದು ಸುಲಭ. ಚಿಕ್ಕದೇವರಾಜರಿಗೆ ಒಂದು ಬಂದರೂ ಇರಲಿಲ್ಲ.

ಮೂರು, ಇವನೇನು ಯುದ್ಧ ಬಿಟ್ಟ ಸಾಧುವೇ? ಓಡಿಬಂದ ವಿಜಯನಗರದ ಅರಸ ಶ್ರೀರಂಗರಾಯನನ್ನು ಮುಂದಿಟ್ಟುಕೊಂಡು ಶ್ರೀರಂಗಪಟ್ಟಣಕ್ಕೇ ಮುತ್ತಿಗೆ ಹಾಕಿದವನು.

ಇಕ್ಕೇರಿಕಡೆಯವಳು

ನಿಮ್ಮ ಮೊದಲ ಮಾತನ್ನು ಪೂರ್ತಿ ಒಪ್ಪುತ್ತೇನೆ. ಗೇಣಿ ಮಾಡುವವರ ಕಥೆ ನಮ್ಮ ಕಡೆ ಎಷ್ಟು ಕಹಿ ಅಂತ ಕಾಗೋಡಿನ ಹೆಸರು ಕೇಳಿದವರಿಗೆಲ್ಲ ಗೊತ್ತು. 1951ರಲ್ಲಿ ಅಲ್ಲಿ ಸತ್ಯಾಗ್ರಹ ಎದ್ದದ್ದೇ ಅಳತೆಯ ಮೇಲೆ. ಗೇಣಿ ಅಳೆಯುವ ಕೊಳಗ ದೊಡ್ಡದು ಅನ್ನುವುದೇ ತಕರಾರು. ಇಕ್ಕೇರಿಯ ಕಲ್ಲು ಸರ್ಕಾರ ಮತ್ತು ಯಜಮಾನನ ನಡುವೆ ನ್ಯಾಯ ಕೊಟ್ಟಿತು. ಯಜಮಾನ ಮತ್ತು ಗೇಣಿದಾರನ ನಡುವೆ ಅಂಥ ಕಲ್ಲನ್ನು ಯಾರೂ ನೆಡಲಿಲ್ಲ.

ಆದರೆ ಎರಡನೇ ಮಾತಿಗೆ ಜವಾಬು ಇದೆ. ದುಡ್ಡು ಬರುವ ದಾರಿ ಬೇರೆ ಇದ್ದಮಾತ್ರಕ್ಕೆ ರಾಜರು ಕೈ ಹಿಡಿತದಲ್ಲಿ ಇಟ್ಟುಕೊಂಡ ಉದಾಹರಣೆ ಎಷ್ಟಿದೆ ಹೇಳಿ? ಬಂದರೂ ಬೇಕು ಗದ್ದೆಯೂ ಬೇಕು ಅನ್ನುವವರೇ ಎಲ್ಲ.

ಹಳೇಕಡತ

ಚರ್ಚೆ ಚೆನ್ನಾಗಿ ಹದಕ್ಕೆ ಬಂತು. ಮೈಸೂರಿನ ದಂಗೆಯ ಬಗ್ಗೆ ಯಾರಾದರೂ ಬಿಡಿಸಿ ಬರೆಯುತ್ತೀರಾ? ಅದಿಲ್ಲದೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ.

ಪಟ್ಟಣದ_ಹುಡುಗ

ನಾನೇ ಬರೆಯುತ್ತೇನೆ. ಅಭಿಮಾನ ಇದ್ದವರೇ ಬರೆದರೆ ವಾಸಿ.

1680ರ ದಶಕ. ಹೊಸ ತೆರಿಗೆಗಳು ಬಂದವು. ಮಂತ್ರಿ ವಿಶಾಲಾಕ್ಷ ಪಂಡಿತರು, ಜೈನರು, ಚಿಕ್ಕದೇವರಾಜರ ಬಾಲ್ಯದಿಂದ ಜೊತೆಗಿದ್ದವರು. ತೆರಿಗೆಯ ಸಿಟ್ಟೆಲ್ಲ ಅವರ ಮೇಲೆ. ಹಳ್ಳಿಗಳಲ್ಲಿ ಜಂಗಮರು ರೈತರ ಪರವಾಗಿ ನಿಂತರು. ಉಳುಮೆ ನಿಂತಿತು. ಊರ ಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ನೇತುಹಾಕಿದರು. ದಾರಿಯಲ್ಲಿ ಹೋಗುವ ಯಾರಿಗಾದರೂ ಅರ್ಥ ಆಗಬೇಕು: ಈ ಊರಿನಲ್ಲಿ ಈ ವರ್ಷ ಉಳುಮೆ ಇಲ್ಲ, ಕಂದಾಯವೂ ಇಲ್ಲ. ಓದು ಬರಹ ಬೇಡ, ಮನವಿ ಪತ್ರ ಬೇಡ, ನಿರೂಪದ ಚಾವಡಿಯ ಮುಂದೆ ಕಾಯುವುದೂ ಬೇಡ.

ಅರಮನೆಯ ಉತ್ತರ ಘೋರವಾಗಿತ್ತು. ನಂಜನಗೂಡಿಗೆ ಜಂಗಮರನ್ನು ಕರೆಸಿ ನಾನೂರಕ್ಕೂ ಹೆಚ್ಚು ಜನರನ್ನು ಕೊಂದರು, ಮಠಗಳನ್ನು ಕೆಡವಿಸಿದರು, ಸೇರಿದ ರೈತರ ಮೇಲೆ ಕುದುರೆ ನುಗ್ಗಿಸಿದರು ಎಂದು ವಿಲ್ಕ್ಸ್ ಬರೆಯುತ್ತಾರೆ. 1686ರಲ್ಲಿ ವಿಶಾಲಾಕ್ಷ ಪಂಡಿತರು ಕೊಲೆಯಾದರು. ಅವರ ಜಾಗಕ್ಕೆ ತಿರುಮಲಾರ್ಯರು ಬಂದರು.

ನಂಜನಗೂಡು_ರಸಬಾಳೆ

ನಮ್ಮೂರಲ್ಲಿ ಆ ಕೊಲೆಯ ಜಾಗ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಕಥೆ ಇದೆ, ಗುರುತಿಲ್ಲ. ಇದು ನಡೆದದ್ದೇ ಹೌದಾ?

ಚಾವಡಿಕಟ್ಟೆ

ಎರಡನ್ನು ಬೇರೆ ಮಾಡಿ ನೋಡಬೇಕು. ರೈತರು ಎದ್ದದ್ದರ ಬಗ್ಗೆ ಅನುಮಾನ ಇಲ್ಲ. ಆ ಕಾಲದಲ್ಲೇ ಇಲ್ಲಿದ್ದ ಜೆಸ್ವಿತ್ ಪಾದ್ರಿಗಳ ಪತ್ರಗಳಲ್ಲೂ ದಂಗೆಯ ಸುದ್ದಿ ಇದೆ. ನಂಜನಗೂಡಿನ ಸಾಮೂಹಿಕ ಕೊಲೆಯ ವಿವರ ಮಾತ್ರ ವಿಲ್ಕ್ಸ್ ಹೇಳಿದ್ದು, ಅದೂ ನೂರು ವರ್ಷದ ಮೇಲೆ ಕೇಳಿ ಬರೆದದ್ದು. ಮೈಸೂರು ಇತಿಹಾಸ ಬರೆದ ಹಯವದನರಾಯರು ಆ ವಿವರವನ್ನು ಒಪ್ಪುವುದಿಲ್ಲ. ನಾನೂರು ಅನ್ನುವ ಸಂಖ್ಯೆಯನ್ನು ನಾನು ಹಿಡಿದು ಕೂರಲ್ಲ. ರಕ್ತ ಹರಿಯದೆ ಆ ದಂಗೆ ತಣ್ಣಗಾಯಿತು ಅಂತಲೂ ನಂಬಲ್ಲ.

ನಿರ್ವಾಹಕರು

ಈ ಪೋಸ್ಟಿನ ಕೆಳಗೆ ಬಂದ ಆರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಮುನ್ನೂರು ವರ್ಷದ ಹಿಂದಿನ ಘಟನೆಗೆ ಈಗಿನ ಜಾತಿಗಳ ಮೇಲೆ ಹರಿಹಾಯುವುದು ಬೇಡ. ವಿಷಯಕ್ಕೆ ಬನ್ನಿ.

ಲೆಕ್ಕದಮೇಷ್ಟ್ರು

ವಿಷಯಕ್ಕೆ ಬರುತ್ತೇನೆ. ಹಳೇಕಡತ ಸಾರ್ ಅವರ ಒಗಟಿಗೆ ನನ್ನ ಉತ್ತರ ಇದು.

ರೈತನಿಗೆ ಪಾಲಿನ ಪ್ರಮಾಣಕ್ಕಿಂತ ಮುಖ್ಯವಾದದ್ದು ಎರಡು. ಮುಂದಿನ ವರ್ಷ ಎಷ್ಟು ಕೊಡಬೇಕು ಅಂತ ಮೊದಲೇ ಗೊತ್ತಿರುವುದು. ಕೊಟ್ಟ ಮೇಲೆ ಇನ್ನೊಬ್ಬ ಬಂದು ಕೇಳದೆ ಇರುವುದು. ಶಿಸ್ತಿನಲ್ಲಿ ಬಾಕಿ ದೊಡ್ಡದು, ಆದರೆ ಒಂದೇ. ಚಿಕ್ಕದೇವರಾಜರ ಪದ್ಧತಿಯಲ್ಲಿ ಮುಖ್ಯ ಬಾಕಿ ಚಿಕ್ಕದು, ಅದರ ಹಿಂದೆ ಬಾಲ. ಹುಲ್ಲಿನ ತೆರಿಗೆ ಕೇಳಲು ಒಬ್ಬ, ಮನೆಯದಕ್ಕೆ ಒಬ್ಬ, ಮದುವೆಯದಕ್ಕೆ ಇನ್ನೊಬ್ಬ. ಬಂದವನಿಗೆಲ್ಲ ಮಜ್ಜಿಗೆ, ಮಾಮೂಲು. ಸರ್ಕಾರದ ಖಜಾನೆಗೆ ಒಂದು ಹಣ ಸೇರಬೇಕಾದರೆ ರೈತನ ಸೊಂಟದಿಂದ ಎಷ್ಟು ಹಣ ಹೋಗಿರಬೇಕು, ನೀವೇ ಹೇಳಿ.

ಇನ್ನೊಂದು, ಕಂತು ಕಂತಾಗಿ ಬರುವ ತೆರಿಗೆಯನ್ನು ಲೆಕ್ಕ ಹಾಕಿ ವಾದ ಮಾಡಲು ಆಗಲ್ಲ. ಮೂರರಲ್ಲಿ ಒಂದು ಅನ್ನುವುದನ್ನು ಊರ ಕಟ್ಟೆಯ ಮೇಲೆ ಕೂತು ಯಾರು ಬೇಕಾದರೂ ಪರೀಕ್ಷೆ ಮಾಡಬಹುದು.

ಪಟ್ಟಣದ_ಹುಡುಗ

ಮೇಷ್ಟ್ರೇ, ಒಪ್ಪಿದೆ. ಆದರೆ ಚಿಕ್ಕದೇವರಾಜರ ಪರವಾಗಿ ಒಂದು ಮಾತು ದಾಖಲಾಗಲಿ. ಅವರು ಬರೀ ಕಿತ್ತುಕೊಂಡವರಲ್ಲ. ಕಾವೇರಿಯಿಂದ ಅವರ ಹೆಸರಿನ ನಾಲೆ ಇವತ್ತಿಗೂ ಹರಿಯುತ್ತಿದೆ, ನಮ್ಮ ಗದ್ದೆಗಳಿಗೆ ನೀರು ಅದರಿಂದಲೇ. ತೂಕ, ಅಳತೆಗಳನ್ನು ಒಂದು ಕಟ್ಟಿಗೆ ತಂದರು. ಬೇಹಿನ ಚಾವಡಿ ಸೀಮೆಯ ಮೂಲೆ ಮೂಲೆಯಿಂದ ಸುದ್ದಿ ತರುತ್ತಿತ್ತು. ಅದೇ ಬೆಳೆದು ಮೈಸೂರಿನ ಅಂಚೆಯಾಯಿತು, 1889ರಲ್ಲಿ ಬ್ರಿಟಿಷರ ಅಂಚೆಯ ಜೊತೆ ಸೇರುವವರೆಗೂ ನಡೆಯಿತು.

ಒಪ್ಪದವನು

ಬೇಹು ಅಂದರೆ ಗೂಢಚಾರಿಕೆ. ಯಾವ ಊರಿನಲ್ಲಿ ನೇಗಿಲು ತಲೆಕೆಳಗಾಗಿದೆ ಅಂತ ಅರಮನೆಗೆ ಮೊದಲು ತಿಳಿಸಿದವರು ಅವರೇ ಇರಬೇಕು. ಕಾಗದ ಹಂಚುವ ಸೇವೆ ಆಮೇಲಿನದು.

ದೂರದೇಶಿ

ಇಲ್ಲಿಯೂ ಅಷ್ಟೇ, ಅಂಚೆ ಶುರುವಾದದ್ದು ರಾಜನ ಪತ್ರಕ್ಕಾಗಿ. ಜನರ ಪತ್ರವನ್ನು ಒಯ್ಯುವುದು ಆಮೇಲೆ, ಅದೂ ದುಡ್ಡು ಬರುತ್ತದೆ ಅಂತ ಗೊತ್ತಾದಮೇಲೆ.

ಪರೀಕ್ಷಾರ್ಥಿ

ಬೆಂಗಳೂರಿನ ಹೈಕೋರ್ಟನ್ನು ಅಠಾರ ಕಚೇರಿ ಅನ್ನುತ್ತಾರಲ್ಲ, ಅದು ಚಿಕ್ಕದೇವರಾಜರು ಕಟ್ಟಿಸಿದ್ದಾ?

ಚಾವಡಿಕಟ್ಟೆ

ಅಲ್ಲ ತಮ್ಮಾ. ಆ ಕೆಂಪು ಕಟ್ಟಡ ಮುಗಿದದ್ದು 1868ರಲ್ಲಿ, ಬ್ರಿಟಿಷ್ ಕಮಿಷನರ ಆಡಳಿತದಲ್ಲಿ. ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿ ಕೂತವು, ಹಳೇ ಹೆಸರು ಅಂಟಿಕೊಂಡಿತು. ಕೋರ್ಟು ಬಂದದ್ದು ಆಮೇಲೆ.

ಹಳೇಕಡತ

ಒಂದೇ ಒಂದು ಕೊನೇ ಪ್ರಶ್ನೆ, ಇಕ್ಕೇರಿ ಅಕ್ಕನವರಿಗೆ. ಶಿಸ್ತು ಎಷ್ಟು ಕಾಲ ಉಳಿಯಿತು? 1763ರಲ್ಲಿ ಹೈದರ್ ಕೆಳದಿಯ ರಾಜಧಾನಿ ಬಿದನೂರು ಹಿಡಿದಮೇಲೆ ಎಲ್ಲ ಅಳಿಸಿಹೋಯಿತೇ?

ಇಕ್ಕೇರಿಕಡೆಯವಳು

ಇಲ್ಲ. ಪುಸ್ತಕ ಉಳಿಯಿತು, ಅದರ ಮೇಲೆ ಪಟ್ಟಿ ಏರುತ್ತಾ ಹೋಯಿತು. ಕೆಳದಿಯ ಅರಸರೇ ಕೊನೆಕೊನೆಗೆ ಸ್ವಲ್ಪ ಸ್ವಲ್ಪ ಸೇರಿಸಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಇನ್ನಷ್ಟು ಸೇರಿತು. ಆದರೂ ಜನ ಮಾತಾಡುವಾಗ 'ಶಿಸ್ತು ಇಷ್ಟು, ಮೇಲಿನದು ಇಷ್ಟು' ಅಂತ ಬಿಡಿಸಿ ಹೇಳುತ್ತಿದ್ದರು. ಯಾವುದು ನ್ಯಾಯದ್ದು, ಯಾವುದು ಆಮೇಲೆ ಹೇರಿದ್ದು ಅಂತ ಜಗಳ ಮಾಡಲು ಅವರ ಕೈಯಲ್ಲಿ ಒಂದು ಅಂಕಿ ಇತ್ತು.

1799ರಲ್ಲಿ ಟಿಪ್ಪು ಸತ್ತ ಮೇಲೆ ಮತ್ತೆ ಒಡೆಯರ ಆಳ್ವಿಕೆ. 1811ರಲ್ಲಿ ದಿವಾನ್ ಪೂರ್ಣಯ್ಯನವರು ಅಧಿಕಾರ ಬಿಟ್ಟಮೇಲೆ ಶರತ್ತು ಪದ್ಧತಿ ಜೋರಾಯಿತು. ಇಷ್ಟು ವಸೂಲಿ ಮಾಡಿಕೊಡುತ್ತೇನೆ ಅಂತ ಅಮಲ್ದಾರ ಮುಚ್ಚಳಿಕೆ ಬರೆದುಕೊಡುವುದು, ಊರಿನಿಂದ ಹೇಗೆ ತೆಗೆಯುತ್ತಾನೆ ಅನ್ನುವುದು ಅವನಿಗೆ ಬಿಟ್ಟದ್ದು. ಶಿಸ್ತಿಗೆ ಪೂರಾ ಉಲ್ಟಾ. 1830ರಲ್ಲಿ ನಗರ (ಹಳೇ ಬಿದನೂರು) ಸೀಮೆಯ ರೈತರು ಎದ್ದರು. ಕೂಟ ಸೇರಿ ಕಂದಾಯ ನಿಲ್ಲಿಸಿದರು. ದಂಗೆ ಹಬ್ಬಿತು. ಮರುವರ್ಷ, 1831ರಲ್ಲಿ, ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೇ ತೆಗೆದುಕೊಂಡ. ಐವತ್ತು ವರ್ಷ ಅದು ವಾಪಸ್ ಬರಲಿಲ್ಲ.

ಅದಕ್ಕೇ ನೀವು ಮೊದಲ ಪೋಸ್ಟಿನಲ್ಲಿ 'ದಂಗೆ ಎದ್ದದ್ದು ಮೈಸೂರಿನಲ್ಲಿ' ಅಂತ ಬರೆದದ್ದಕ್ಕೆ ನನ್ನದೊಂದು ತಕರಾರು ಇದೆ ಸಾರ್. ನಮ್ಮವರೂ ಎದ್ದರು. ಶಿಸ್ತು ಕೈಬಿಟ್ಟು ಹೋದಮೇಲೆ ಎದ್ದರು.

ಫಸಲುಗುಮಾಸ್ತ

ನಗರದ ದಂಗೆಗೆ ಬೇರೆ ಚರ್ಚೆ ಶುರು ಮಾಡಿ ಅಕ್ಕ. ಶರತ್ತು ಅಮಲ್ದಾರರ ಬಗ್ಗೆ ನನ್ನ ಬಳಿ ಹೇಳಲು ಬಹಳ ಇದೆ, ಇಲ್ಲಿ ಬರೆದರೆ ಪುಟ ಸಾಲದು.